ಹಾಡುಗಾರನ ಪೆಟ್ಟಿಗೆ, ಮದುವೆಯ ಜನರೇಟರ್

"ಅಜ್ಜಾರ, ನಾ ಇನ್ನೂ ಎಷ್ಟು ದಿನ ಕಾಯಬೇಕ್ರಿ?"

ಮಠದ ಅಂಗಳದಲ್ಲಿ ಗುರುಗಳ ಮುಂದೆ ಕೂತು ಮಡಿವಾಳಯ್ಯ ಹೀಗೆ ಕೇಳಿದ. ಉಪದೇಶ ಬೇಕೆಂದು ಆತ ಮಠಕ್ಕೆ ಬಂದು ಹನ್ನೆರಡು ವರ್ಷವಾಗಿತ್ತು. ನೀರು ಹೊತ್ತಿದ್ದ, ದಾಸೋಹಕ್ಕೆ ಕಟ್ಟಿಗೆ ಒಡೆದಿದ್ದ. ಗುರುಗಳು ಮಾತ್ರ ಆತನ ಕಿವಿಯಲ್ಲಿ ಒಂದಕ್ಷರವನ್ನೂ ಹೇಳಿರಲಿಲ್ಲ. ಜೊತೆಗೆ ಬಂದವರೆಲ್ಲ ಬೇಸತ್ತು ಬೇರೆ ಮಠ ಹುಡುಕಿಕೊಂಡು ಹೋಗಿದ್ದರು. ಈತನಿಗೆ ಆ ಮಾತನ್ನು ಬೇರೆ ಯಾರ ಬಾಯಿಂದಲೂ ಕೇಳುವ ಮನಸ್ಸಿರಲಿಲ್ಲ.

ಅಜ್ಜಾರು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಹಾಡುಗಾರನಿದ್ದ. ಆತ ಭಜನೆಗೆ ಕೂತರೆ ಊರಿಗೆ ಊರೇ ಕೂರುತ್ತಿತ್ತು. ಒಮ್ಮೆ ಆತನ ಗಂಟಲಲ್ಲಿ ಗಡ್ಡೆಯಾಯಿತು. ವೈದ್ಯರು ಕೊಯ್ದು ತೆಗೆದರು. ಜೀವ ಉಳಿಯಿತು, ದನಿ ಹೋಯಿತು. ಜೀವ ಉಳಿಯಿತಲ್ಲ, ಅಷ್ಟೇ ಸಾಕು ಎಂದು ಎಲ್ಲರೂ ಸಮಾಧಾನ ಹೇಳಿದರು. ಅವರಿಗೇನು, ಹೋದದ್ದು ಅವರ ದನಿಯಲ್ಲ. ಹಾಡುಗಾರನಿಗೆ ತನ್ನ ದನಿ ಬೇಕಿತ್ತು. ಹಾಡುವುದಕ್ಕಲ್ಲ, ಒಂದೇ ಒಂದು ಸಲ ಕೇಳುವುದಕ್ಕೆ. ಹಾಡುವ ಭರದಲ್ಲಿ ಅದನ್ನು ಆತ ಎಂದೂ ಕೂತು ಕೇಳಿರಲಿಲ್ಲ.

ಬಹಳ ಹಿಂದೆ ಒಬ್ಬ ಶಾಲಾ ಮಾಸ್ತರರು ಆತನ ನಾಲ್ಕು ಹಾಡುಗಳನ್ನು ತಮ್ಮ ಕಂಪ್ಯೂಟರಿನಲ್ಲಿ ತುಂಬಿಸಿಕೊಂಡಿದ್ದರು. ಮಾಸ್ತರರು ತೀರಿಕೊಂಡ ಮೇಲೆ ಅವರ ಮಗಳು ಆ ಪೆಟ್ಟಿಗೆಯನ್ನು ಕೌದಿಯಲ್ಲಿ ಸುತ್ತಿ ಹಾಡುಗಾರನಿಗೆ ಕಳುಹಿಸಿದಳು. ಆ ನಾಲ್ಕು ಹಾಡು ಜಗತ್ತಿನಲ್ಲಿ ಮತ್ತೆಲ್ಲಿಯೂ ಇರಲಿಲ್ಲ. ಪೆಟ್ಟಿಗೆ ಬಂದ ದಿನವೇ ಗಾಳಿಗೆ ಕಂಬಗಳು ಉರುಳಿ ಊರಿನ ಕರೆಂಟ್ ಹೋಯಿತು. ತಿಂಗಳು ಕಳೆದರೂ ಬರಲಿಲ್ಲ. ಮತ್ತೊಂದು ಊರಿಗೆ ಒಯ್ಯೋಣವೆಂದರೆ ದಾರಿಯ ಕುಲುಕಾಟಕ್ಕೆ ಎಲ್ಲಿ ಕೆಡುತ್ತದೋ ಎಂಬ ಭಯ. ಹಾಡುಗಾರ ದಿನಾ ಆ ಸತ್ತ ಪೆಟ್ಟಿಗೆಗೆ ಕಿವಿ ಹಚ್ಚಿ ಕೂರುತ್ತಿದ್ದ. ನೋಡಿದವರು ಹುಚ್ಚು ಎಂದರು. ಹುಚ್ಚೇ ಸರಿ, ಅಷ್ಟು ದೊಡ್ಡ ಆಸೆಗೆ ಬೇರೆ ಹೆಸರೇನಿದೆ.

ಆ ಊರಿನ ಒಂದು ಮದುವೆಗೆ ಚಿಕ್ಕದೊಂದು ಜನರೇಟರ್ ಬಂತು. ಅದರ ಜೊತೆ ಒಬ್ಬ ಲೈಟಿನವನು ಬಂದ. ಹಾಡುಗಾರ ಪೆಟ್ಟಿಗೆ ಹೊತ್ತುಕೊಂಡು ಚಪ್ಪರಕ್ಕೆ ಓಡಿ, ಪ್ಲಗ್ಗನ್ನು ಅವನ ಮುಂದೆ ಹಿಡಿದ. ಲೈಟಿನವನು ಪ್ಲಗ್ಗು ಮುಟ್ಟಲಿಲ್ಲ. ಮೊದಲು ತನ್ನ ಜನರೇಟರಿಗೇ ಮೀಟರ್ ಹಚ್ಚಿದ. ಮುಳ್ಳು ನಿಲ್ಲಬೇಕಾದಲ್ಲೇ ನಿಂತಿತು. ಹಾಡುಗಾರನ ಮುಖ ಅರಳಿತು. ಲೈಟಿನವನು ಅದಕ್ಕೂ ಒಪ್ಪದೆ, ಇದು ಖಾಲಿ ಓಡುವಾಗಿನ ಲೆಕ್ಕ, ಭಾರ ಬಿದ್ದಾಗ ನೋಡೋಣ ಎಂದ. ಪೆಟ್ಟಿಗೆಗೆ ಕೊಡಬೇಕಾದ ಪಾಯಿಂಟಿಗೆ ಒಂದು ಬಲ್ಬು ಸಿಕ್ಕಿಸಿ, ಅಡಿಗೆಯವರ ರುಬ್ಬುವ ಯಂತ್ರ, ಫ್ಯಾನು, ದೀಪ ಎಲ್ಲ ಚಾಲೂ ಮಾಡಿಸಿದ. ಬಲ್ಬು ಮಂಕಾಯಿತು.

ಮದುವೆಯ ಮಂದಿಗೆ ಹಾಡುಗಾರನೆಂದರೆ ಪ್ರಾಣ. ಅವರಲ್ಲಿ ಎಷ್ಟೋ ಜನರ ಮದುವೆಯಲ್ಲಿ ಆತನೇ ಹಾಡಿದ್ದ. ಹೀಗೆ ಹತ್ತು ಕಡೆ ಹಂಚಿದರೆ ಆತನಿಗೆ ಏನು ಉಳಿದೀತು, ಇದ್ದ ಕರೆಂಟನ್ನೆಲ್ಲ ಆತನೊಬ್ಬನಿಗೇ ಕೊಟ್ಟುಬಿಡೋಣ ಎಂದು ಅವರು ಮಾತಾಡಿಕೊಂಡರು. ಲೈಟಿನವನು ಬೇಡವೆನ್ನುವಷ್ಟರಲ್ಲಿ ರುಬ್ಬುವ ಯಂತ್ರ, ಫ್ಯಾನು, ಚಪ್ಪರದ ದೀಪ ಎಲ್ಲವನ್ನೂ ಒಮ್ಮೆಗೇ ಆರಿಸಿದರು. ಭಾರ ಕಳೆದುಕೊಂಡ ಜನರೇಟರ್ ಹುಚ್ಚು ಕುದುರೆಯಂತೆ ಓಡಿತು. ಬಲ್ಬು ಬೆಳ್ಳಗೆ ಉರಿದು ಪಟ್ಟನೆ ಹೋಯಿತು.

ಹಾಡುಗಾರ ತನ್ನ ಕೈಯಲ್ಲಿದ್ದ ಪ್ಲಗ್ಗನ್ನು ನೋಡಿಕೊಂಡ. ಅವರ ಅಷ್ಟೂ ಪ್ರೀತಿ ಒಂದೇ ಸಲಕ್ಕೆ ಪೆಟ್ಟಿಗೆಯೊಳಗೆ ನುಗ್ಗಿದ್ದರೆ ನಾಲ್ಕು ಹಾಡೂ ಸುಟ್ಟುಹೋಗುತ್ತಿದ್ದವು.

ಮದುವೆಯ ದೀಪಗಳಿಗೆ ಆ ಜನರೇಟರ್ ಹೇಗೋ ಸಾಕಾಯಿತು. ಮದುವೆ ಮುಗಿದರೂ ಲೈಟಿನವನು ಊರು ಬಿಡಲಿಲ್ಲ. ಯಂತ್ರವನ್ನು ಬಿಚ್ಚಿ, ವೇಗವನ್ನು ಹಿಡಿತದಲ್ಲಿಡುವ ಸ್ಪ್ರಿಂಗು ಸೋತಿರುವುದನ್ನು ಕಂಡು, ಅದನ್ನು ಸರಿಮಾಡುತ್ತ ಕೂತ. ದಿನಾ ಸಂಜೆ ಹಾಡುಗಾರ ಪೆಟ್ಟಿಗೆ ಹೊತ್ತು ಬರುತ್ತಿದ್ದ. ಲೈಟಿನವನು ಹೊಸ ಬಲ್ಬು ಇಟ್ಟು, ಭಾರ ಹಾಕಿ, ಭಾರ ತೆಗೆದು ನೋಡುತ್ತಿದ್ದ. ಬೆಳಕು ತುಸು ಅಲುಗಿದರೂ ಆಗದೆಂದು ತಲೆಯಾಡಿಸುತ್ತಿದ್ದ. ಹಾಡುಗಾರ ಪೆಟ್ಟಿಗೆ ಹೊತ್ತು ತಿರುಗಿ ಹೋಗುತ್ತಿದ್ದ. ದನಿ ತನ್ನ ಹೆಗಲ ಮೇಲೆಯೇ ಇತ್ತು, ಕೇಳುವಂತಿರಲಿಲ್ಲ.

ಐದನೆಯ ಸಂಜೆ ಆತನಿಂದ ತಡೆಯಲಾಗಲಿಲ್ಲ. ಲೈಟಿನವನ ಕೈ ಹಿಡಿದು, ಪೆಟ್ಟಿಗೆಯನ್ನೂ ತನ್ನ ಗಂಟಲನ್ನೂ ತೋರಿಸಿ ಅತ್ತ. ದನಿಯಿಲ್ಲದವನ ಅಳು ನೋಡುವುದು ಕಷ್ಟ. ಲೈಟಿನವನಿಗೂ ಕಣ್ಣು ತುಂಬಿ ಬಂತು.

"ನಿಮ್ಮ ಪೆಟಗಿ ಚಲೋ ಐತ್ರಿ ಕಾಕಾ," ಎಂದ. "ಅದಕ್ಕ ನನಗ ಅಂಜಿಕಿ."

ಆರನೆಯ ಸಂಜೆ ಭಾರ ಹಾಕಿದರೂ ತೆಗೆದರೂ ಬೆಳಕು ಅಲುಗಲಿಲ್ಲ. ಲೈಟಿನವನು ಬಲ್ಬು ಕಿತ್ತು ಆ ಜಾಗಕ್ಕೆ ಪ್ಲಗ್ಗು ಹಾಕಿದ. ಹಳೆಯ ಪೆಟ್ಟಿಗೆ ನಿಧಾನವಾಗಿ ಎಚ್ಚರಗೊಂಡು ಹಾಡತೊಡಗಿತು. ಹಾಡುಗಾರ ತುಟಿ ಆಡಿಸುತ್ತ ಕೇಳಿದ. ತನ್ನ ದನಿ ಇಷ್ಟು ಚೆಂದವಿತ್ತೆಂದು ಆತನಿಗೆ ತಿಳಿದದ್ದು ಅಂದೇ.

ಅಜ್ಜಾರು ಕತೆ ಮುಗಿಸಿದರು. ಮಡಿವಾಳಯ್ಯ ಕತೆ ತನಗೆ ತಿಳಿಯಿತೆಂದುಕೊಂಡ. ತನ್ನಲ್ಲೇ ಏನೋ ಕೊರತೆಯಿದೆ, ಗುರುಗಳು ಅದನ್ನು ಪರೀಕ್ಷೆ ಮಾಡುತ್ತಿದ್ದಾರೆ, ಇನ್ನೂ ಕಾಯಬೇಕು. ಹನ್ನೆರಡು ವರ್ಷದ ಆಸೆಯನ್ನು ನುಂಗಿಕೊಂಡು ಕೈಮುಗಿದ.

"ಹಂಗಾರ ನಾ ಇನ್ನೂ ತಯಾರಾಗಿಲ್ಲ ಅಂದಂಗಾತ್ರಿ ಅಜ್ಜಾರ."

ಅಜ್ಜಾರು ಆತನ ಮುಗಿದ ಕೈಗಳನ್ನು ಹಿಡಿದು ಬಿಡಿಸಿದರು.

"ನೀ ತಯಾರಾಗಿ ಹತ್ತು ವರ್ಷ ಆತೋ ಮಡಿವಾಳಾ, ಆಗದ ಉಳದಾಂವ ನಾನು."