ಮ್ಯೂಸಿಯಮ್ಮಿನ ಕಲ್ಲಿಲಿ

ಏಳು ಮಠಗಳ ಉಗ್ರಾಣ ತಿಂದು ತೇಗಿಯೂ ಯಾವ ದೇವರಿಗೂ ಹೆದರದ ಚೂಪಯ್ಯನೆಂಬ ಇಲಿರಾಯ ಒಂದು ದಿನ ದೇವರ ವಿಗ್ರಹಗಳ ಮ್ಯೂಸಿಯಂ ಹೊಕ್ಕ. ಗಣಪತಿಯ ಕಾಲಡಿ ಕೂತ ಕಲ್ಲಿಲಿಯನ್ನು ಕಂಡು, "ಏನಣ್ಣಾ, ಈ ಹೊಟ್ಟೆ ಹೊತ್ತು ಮೂರು ಲೋಕ ಸುತ್ತಿದ್ದೀಯಂತೆ. ಎಲ್ಲಿ, ಒಂದು ಹೆಜ್ಜೆ ಇಡು ನೋಡೋಣ!" ಎಂದ.

"ಹೆಜ್ಜೆ ಇಡದಿರುವುದೇ ನನ್ನ ವಿದ್ಯೆ, ತಮ್ಮಾ. ಅಗೋ, ಬೆಕ್ಕು ಬಂತು. ಪಕ್ಕದಲ್ಲಿ ಕೈಮುಗಿದು ಕೂರು."

ಚೂಪಯ್ಯ ಉಸಿರು ಬಿಗಿಹಿಡಿದು ಕೂತ. ಅಷ್ಟರಲ್ಲಿ ಅಜ್ಜಿಯೊಬ್ಬಳು, 'ಮುಟ್ಟಬಾರದು' ಎಂಬ ಹಲಗೆಯನ್ನು ಲೆಕ್ಕಿಸದೆ, ಇಬ್ಬರ ಹಣೆಗೂ ಕುಂಕುಮ ಮೆತ್ತಿ ಹೋದಳು. ಬೆಕ್ಕು ಬಂದು ಮೂಸಿತು. ಕುಂಕುಮ ಮೂಗಿಗೇರಿ ಸೀನುತ್ತಾ ಹೊರಟುಹೋಯಿತು.

"ಈಗ ನಂಬಿದೆಯಾ?" ಎಂದಿತು ಕಲ್ಲಿಲಿ.

"ದೇವರ ವಿಷಯ ಇನ್ನೂ ವಿಚಾರಿಸಬೇಕು," ಎಂದ ಚೂಪಯ್ಯ, ಮೀಸೆ ತೀಡುತ್ತಾ. "ನಿನ್ನನ್ನಂತೂ ನಂಬಿದೆ, ಅಣ್ಣಾ."