ಪರಮೇಶಿ ಬರ್ಗರ್ ಅಂಗಡಿಯಲ್ಲಿ ಹೆಣ್ಣು ನೋಡಿದ್ದು

ಮಧ್ಯೆ ಮಧ್ಯೆ ಹೂಂಗುಟ್ಟುವುದಾದರೆ ಹೇಳುತ್ತೇನೆ. ಇಲ್ಲದಿದ್ದರೆ ನನಗೂ ಬೇರೆ ಕೆಲಸವಿದೆ.

ಅರಸೀಕೆರೆಯಲ್ಲಿ ಸಿದ್ದಗಂಗಮ್ಮ ಅಂತ ಒಬ್ಬಳು. ಅವಳಿಗೊಂದು ಹಿಟ್ಟಿನ ಗಿರಣಿ, ಒಬ್ಬ ಮಗ. ಗಿರಣಿ ಹೇಳಿದ ಹಾಗೆ ಕೇಳುತ್ತಿರಲಿಲ್ಲ. ಮಗ ಪರಮೇಶಿ ಹೇಳಿದ ಹಾಗೇ ಕೇಳುತ್ತಿದ್ದ, ತಾಪತ್ರಯ ಅದೇ. "ಹಾಲು ಉಕ್ಕುತ್ತಾ ನೋಡೋ" ಅಂದರೆ ಉಕ್ಕುವ ತನಕ ನೋಡಿ, "ಉಕ್ಕಿತಮ್ಮಾ!" ಅನ್ನುವನು.

"ಮೂವತ್ನಾಲ್ಕು ತುಂಬಿತು. ನಾನು ಹೋದ ಮೇಲೆ ಇವನಿಗೆ ಹೇಳೋರು ಯಾರು?" ಅಂತ ಸಿದ್ದಗಂಗಮ್ಮ ಕಂಡಕಂಡವರ ಹತ್ತಿರ ಗೋಳಾಡಿದಳು. ಕಡೆಗೆ ಬೀರೂರಿನಿಂದ ಒಂದು ಸಂಬಂಧ ಬಂತು. ಹುಡುಗಿ ದಾಕ್ಷಾಯಿಣಿ, ಅಂಚೆ ಕಚೇರಿಯಲ್ಲಿ ಕೆಲಸ. ಆದರೆ ಅವಳದೊಂದು ಷರತ್ತು. "ಏಳು ಗಂಡುಗಳು ಮನೆಗೆ ಬಂದು ಉಪ್ಪಿಟ್ಟು ತಿಂದು ಹೋದರು. ಎಂಟನೆಯವನಿಗೆ ನಾನು ರವೆ ಹುರಿಯಲ್ಲ. ಅರಸೀಕೆರೆ ಸ್ಟೇಷನ್ ರೋಡಿನಲ್ಲಿ ಹೊಸದಾಗಿ ಅಮೆರಿಕಾ ಬರ್ಗರ್ ಅಂಗಡಿ ತೆಗೆದಿದ್ದಾರಂತೆ. ಅಲ್ಲಿಗೇ ಬರಲಿ!"

ಸಿದ್ದಗಂಗಮ್ಮ ಹೊರಡುವ ಮೊದಲೇ ಮಗನನ್ನು ಎದುರಿಗೆ ಕೂರಿಸಿಕೊಂಡಳು. ಹಿಂದಿನ ಸಲ ಹೆಣ್ಣು ನೋಡಲು ಹೋದಾಗ, ಹೆಣ್ಣು ಹೊರಗೆ ಬರುವಷ್ಟರಲ್ಲಿ ಪರಮೇಶಿ ನಾಲ್ಕು ತಟ್ಟೆ ಉಪ್ಪಿಟ್ಟು ಮುಗಿಸಿದ್ದ.

"ನೋಡೋ ಮಗನೇ, ಯಾರಾದ್ರೂ 'ಬೇಕಾ' ಅಂದ ತಕ್ಷಣ ಬಾಯಿ ಬಿಡಬೇಡ. ಮರ್ಯಾದಸ್ಥರು ಮೂರು ಸಲ ಬೇಡ ಅಂತಾರೆ. ನಾಲ್ಕನೇ ಸಲ ಕೇಳಿದಾಗ ಹೂಂ ಅನ್ನು. ತಿಳೀತಾ?"

"ತಿಳೀತಮ್ಮಾ. ಮೂರು ಬೇಡ, ಒಂದು ಹೂಂ."

ಅಂಗಡಿಗೆ ಹೋದರು. ಗಾಜಿನ ಬಾಗಿಲು, ಕೆಂಪು ಕುರ್ಚಿ, ಕಿವಿ ಕಿತ್ತುಹೋಗುವ ಹಾಡು. ದಾಕ್ಷಾಯಿಣಿ ಬಂದಿದ್ದಳು. ಜೊತೆಗೆ ಅವಳ ಸೋದರಮಾವ ಮಹಾರುದ್ರಪ್ಪ. ಅವರಿಗೆ ಕೂತಲ್ಲಿ ಕೂರಲಾಗದು, ನಿಮಿಷಕ್ಕೊಮ್ಮೆ ಗಡಿಯಾರ. "ಬೇಗ ಬೇಗ! ಮೂರೂಕಾಲಿಗೆ ನಮ್ಮ ರೈಲು! ನಾಳೆ ಬೆಳಗ್ಗೆ ಇನ್ನೊಂದು ಗಂಡು ಬರೋದಿದೆ! ಹೋಗಪ್ಪ, ಇಲ್ಲಿ ಯಾರೂ ಬಂದು ಕೇಳಲ್ಲವಂತೆ, ನೀನೇ ಹೋಗಿ ನಾಲ್ಕು ತಗೊಂಡು ಬಾ!"

ಪರಮೇಶಿ ಸಾಲಿನಲ್ಲಿ ನಿಂತ. ಕೌಂಟರಿನ ಹುಡುಗಿ ಕೇಳಿದಳು, "ವೆಜ್ ಬರ್ಗರ್ ಬೇಕಾ ಸರ್?"

"ಬೇಡ."

"ಓಕೆ. ನೆಕ್ಸ್ಟ್!"

ಪಕ್ಕಕ್ಕೆ ಸರಿದು ನಿಂತ. ಮತ್ತೆ ಕೇಳುತ್ತಾಳೆ ಅಂತ ನಿಂತ. ಕೇಳಲಿಲ್ಲ. ಬರಿಗೈಲಿ ಬಂದ. "ಅಮ್ಮಾ, ಅವಳು ಒಂದೇ ಸಲ ಕೇಳಿದಳು!"

ಸಿದ್ದಗಂಗಮ್ಮ ಅವನನ್ನು ಕಂಬದ ಹಿಂದೆ ಎಳೆದಳು. "ಅಯ್ಯೋ ಪೆದ್ದೇ! ಇದೇನು ಬೀಗರ ಮನೆಯೇನೋ, ಉಪಚಾರ ಮಾಡೋದಕ್ಕೆ? ಇಲ್ಲಿ ಕೇಳಿದ್ದಕ್ಕೆಲ್ಲ ಹೂಂ ಅನ್ನಬೇಕು!"

"ಹಾಗೇ ಆಗಲಮ್ಮಾ." ಮತ್ತೆ ಹೋದ.

"ಬರ್ಗರ್?"

"ಹೂಂ."

"ನಾಲ್ಕಾ?"

"ಹೂಂ."

"ಚೀಸ್ ಹಾಕ್ಲಾ?"

"ಹೂಂ."

"ಇನ್ನೂ ಚೀಸ್?"

"ಹೂಂ."

"ಆಲೂಗಡ್ಡೆ ಫ್ರೈ? ಕೋಲಾ? ಐಸ್‌ಕ್ರೀಮು?"

"ಹೂಂ, ಹೂಂ, ಹೂಂ."

ಹುಡುಗಿ ನಕ್ಕಳು. "ಏನ್ ಸರ್, ಇವತ್ತು ನಿಮ್ಮ ಬರ್ತ್‌ಡೇನಾ?"

"ಹೂಂ."

ಅಷ್ಟೇ! ಗಂಟೆ ಬಾರಿಸಿದರು. ಒಳಗಿದ್ದ ಅಡುಗೆಯವರೆಲ್ಲ ಚಪ್ಪಾಳೆ ತಟ್ಟುತ್ತಾ ಹೊರಗೆ ಬಂದರು. ಪರಮೇಶಿಯ ತಲೆಗೆ ಕಾಗದದ ಕಿರೀಟ, ಕೈಗೆ ಬಲೂನು. ತಿಂಡಿಯ ತಟ್ಟೆಗಳ ಸಮೇತ ಹಾಡಿಕೊಂಡು ಮೇಜಿನ ತನಕ ಮೆರವಣಿಗೆ ಮಾಡಿ ತಂದು ಕೂರಿಸಿದರು.

ದಾಕ್ಷಾಯಿಣಿ ನಕ್ಕು ನಕ್ಕು ಕೋಲಾ ನೆತ್ತಿಗೆ ಹತ್ತಿಸಿಕೊಂಡಳು. ಮಹಾರುದ್ರಪ್ಪ ನಗಲಿಲ್ಲ. ಚೀಲದಿಂದ ಎರಡು ಜಾತಕ ತೆಗೆದು ಮೇಜಿನ ಮೇಲೆ ಹರಡಿದರು.

"ಏನಮ್ಮಾ ಇದು? ನೀವು ಕಳಿಸಿದ ಜಾತಕದಲ್ಲಿ ಮಾಘ ಮಾಸ ಅಂತಿದೆ. ಈಗ ನಡೀತಿರೋದು ಶ್ರಾವಣ! ಹುಟ್ಟಿದ ದಿನವನ್ನೇ ತಿದ್ದೋರು ಇನ್ನೇನೇನು ತಿದ್ದಿದ್ದೀರಿ?"

"ಅಯ್ಯೋ, ಮಾಘದಲ್ಲೇ ಹುಟ್ಟಿದ್ದು! ಹೆತ್ತೋಳು ನಾನು, ನಂಗೆ ಗೊತ್ತಿಲ್ವಾ?"

"ಹಾಗಾದರೆ ಇವನು ಯಾಕೆ ಹೂಂ ಅಂದ?"

"ಇವನು ಎಲ್ಲದಕ್ಕೂ ಹೂಂ ಅಂತಾನೆ!"

ಹಾಗಂದವಳೇ ನಾಲಿಗೆ ಕಚ್ಚಿಕೊಂಡಳು. ಬೀಗರು ಜಾತಕ ಬಿಟ್ಟು ಬರ್ಗರ್ ಕಡೆ ತಿರುಗಲಿ ಅಂತ ತಾನೇ ಬಾಯಿ ಅಗಲಿಸಿ ಒಂದು ತುತ್ತು ಕಚ್ಚಿದಳು. ಚೀಸು ಸೀರೆಗೆ ಇಳಿಯಿತು. ಹೇಗೋ ತಿಂದರು. ಪಕ್ಕದ ಮೇಜಿನವರು ತಟ್ಟೆ ಎತ್ತಿ ಕಸದ ಡಬ್ಬಕ್ಕೆ ಸುರಿಯುವುದು ಕಂಡಿತು. ಸಿದ್ದಗಂಗಮ್ಮ ಮಗನ ಕಿವಿಯಲ್ಲಿ ಉಸುರಿದಳು. "ಬಾಯಿ ಮುಚ್ಚಿಕೊಂಡು ಕೈ ಆಡಿಸು. ಇಲ್ಲಿ ತಿಂದೋರೇ ಎತ್ತಬೇಕಂತೆ. ಮೇಜಿನ ಮೇಲೆ ಒಂದು ಚೂರು ಕಾಗದ ಉಳಿಯಬಾರದು. ಎಲ್ಲ ಬಳಿದು ಆ ಡಬ್ಬದ ಬಾಯಿಗೆ ಹಾಕು. ಮನೆಗೆಲಸ ಗೊತ್ತಿರೋ ಗಂಡು ಅಂತಲಾದ್ರೂ ಅಂದುಕೊಳ್ಳಲಿ!"

ಪರಮೇಶಿ ಎದ್ದ. ಬರ್ಗರ್ ಸುತ್ತಿದ ಕಾಗದ ಬಳಿದ. ಕೈ ಒರೆಸಿದ ಕಾಗದ ಬಳಿದ. ಎರಡು ಜಾತಕವನ್ನೂ ಬಳಿದ. ಡಬ್ಬದ ಬಾಯಿಗೆ ಸುರಿದು, ಮೇಲಿಂದ ಮಿಕ್ಕಿದ ಕೋಲಾ ಹೊಯ್ದು, ಕೈ ಕೊಡವಿಕೊಂಡು ಬಂದ.

"ಜಾತಕ!" ಅಂತ ಚೀರಿದರು ಮಹಾರುದ್ರಪ್ಪ. ಡಬ್ಬದೊಳಗೆ ಮೊಣಕೈ ತನಕ ತೂರಿಸಿದರು. ಕೈಗೆ ಬಂದದ್ದು ಟೊಮೇಟೊ ಸಾಸು ಮೆತ್ತಿದ ಶನಿಯ ಮನೆ ಮಾತ್ರ.

ಸಿದ್ದಗಂಗಮ್ಮ ಹಣೆ ಚಚ್ಚಿಕೊಂಡಳು. "ಇಲ್ಲಿಯದ್ಯಾವುದೂ ನಿಂಗೆ ಬೇಡಪ್ಪಾ! ಮನೆಯಲ್ಲಿ ಹೇಳಿಕೊಟ್ಟಿದ್ದನ್ನೇ ಹಿಡಿ. ಅಷ್ಟೇ ಮಾಡು! ಅದು ಬಿಟ್ಟು ಇನ್ನೇನೂ ಮಾಡಬೇಡ!"

"ಹಾಗೇ ಆಗಲಮ್ಮಾ."

"ನಡಿಯೇ ದಾಕ್ಷಾಯಿಣಿ, ಮೂರು ಗಂಟೆ!" ಅಂದರು ಮಾವ.

ದಾಕ್ಷಾಯಿಣಿ ಕಣ್ಣೊರೆಸಿಕೊಂಡಳು, ನಕ್ಕಿದ್ದ ಕಣ್ಣು. "ಇರು ಮಾವ. ಏಳು ಜನರನ್ನ ನೋಡಿದೆ, ಎಲ್ಲರೂ ನನಗೇ ಹೇಳೋರು. ಹೇಳಿದ್ದು ಕೇಳೋರು ಇವರೊಬ್ಬರೇ." ಪರಮೇಶಿ ಕಡೆ ತಿರುಗಿದಳು. "ಏನ್ರೀ, ನಾನು ನಿಮಗೆ ಬೇಕಾ?"

"ಬೇಡ."

"ಹೂಂ ಅನ್ನೋ!" ತಾಯಿ ಕಿರುಚಿದಳು.

"ತಡಿಯಮ್ಮಾ, ಇನ್ನೂ ಎರಡು ಬೇಡ ಬಾಕಿ ಇದೆ."

ದಾಕ್ಷಾಯಿಣಿ ಹುಬ್ಬು ಹಾರಿಸಿದಳು. ಅಂಚೆ ಕಚೇರಿಯವಳು, ಲೆಕ್ಕ ಹಿಡಿದಳು.

"ಬೇಕಾ?"

"ಬೇಡ."

"ಬೇಕಾ?"

"ಬೇಡ."

"ಬೇಕಾ?"

"ಹೂಂ!"

ಸಿದ್ದಗಂಗಮ್ಮ ಕೆಂಪು ಕುರ್ಚಿಯ ಮೇಲೆ ಕುಸಿದು ಕೂತಳು. "ನಿಮಗೂ ಗೊತ್ತಾಯ್ತಲ್ಲಮ್ಮಾ ಇವನಿಗೆ ಹೇಳೋದು ಹೇಗೆ ಅಂತ! ಇನ್ನು ನಾನು ನಿಶ್ಚಿಂತೆ!"

ಮಾವ ಆಗಲೇ ಹೊರಗೆ ಆಟೋದಲ್ಲಿ ಕೂತು ಕೂಗುತ್ತಿದ್ದರು. ದಾಕ್ಷಾಯಿಣಿ ಓಡಿ ಹತ್ತಿದಳು. ಹತ್ತಿ, ಬಾಗಿಲಿಗೆ ಬಂದ ಪರಮೇಶಿಯತ್ತ ಇಣುಕಿದಳು. "ನಮ್ಮಮ್ಮನಿಗೆ ಮಂಡಿ ನೋವು, ಬರೋಕಾಗಲಿಲ್ಲ. ನೀವೂ ಈಗಲೇ ಬನ್ನಿ, ಅಮ್ಮನಿಗೆ ತೋರಿಸ್ತೀನಿ. ಅಮ್ಮ ಇವತ್ತೇ ಒಪ್ಪಿದರೆ ನಾಳೆ ಬರೋ ಗಂಡಿಗೆ ಬರಬೇಡಿ ಅಂತ ಹೇಳಿಬಿಡಬಹುದು. ಬರ್ತೀರಾ?"

"ಬೇಡ."

ಆಟೋದವನು ನಾಲ್ಕು ಸಲ ಕೇಳುವ ಮನೆಯವನಲ್ಲ. ಬರ್ರ್ ಅಂತ ಹೊರಟ.

ಪರಮೇಶಿ ಹಿಂದೆಯೇ ಓಡಿದ. ತಲೆಯ ಮೇಲೆ ಕಿರೀಟ, ಗಾಳಿಯಲ್ಲಿ ಎರಡು ಬೆರಳು. "ಇನ್ನೆರಡು ಬೇಡ ಇದೆ ಕಣ್ರೀ! ಕೇಳ್ರೀ!"

ಆಟೋದಿಂದ ತಲೆ ಹೊರಗೆ ಬಂತು. "ಬರ್ತೀರಾ?"

ಓಡುತ್ತಾ ಉತ್ತರ ಕೊಡುವುದು ಮರ್ಯಾದೆಯಲ್ಲ. ನಿಂತ. ಕೈ ಮುಗಿದ. "ಬೇಡ." ಮತ್ತೆ ಓಡಿದ.

ಸ್ಟೇಷನ್ ಮೆಟ್ಟಿಲ ಮೇಲಿಂದ ಕೂಗಿದಳು. "ಬರ್ತೀರಾ?"

ನಿಂತ. ಕೈ ಮುಗಿದ. "ಬೇಡ." ಮೂರಾಯಿತು! ಇನ್ನು ಹೂಂ ಒಂದೇ. ಆ ಹೂಂ ಅನ್ನು ಬಾಯಲ್ಲಿ ತುಂಬಿಕೊಂಡು, ಚೆಲ್ಲದ ಹಾಗೆ ತುಟಿ ಬಿಗಿ ಹಿಡಿದು ಪ್ಲಾಟ್‌ಫಾರಮ್ಮಿಗೆ ಓಡಿದ. ರೈಲು ಅಲುಗಿತ್ತು. ಕಿಟಕಿಯಲ್ಲಿ ದಾಕ್ಷಾಯಿಣಿ ಕೈ ಚಾಚಿದ್ದಳು, ಬಾಯಿ ತೆರೆದಿದ್ದಳು. ಇನ್ನೇನು ಕೇಳಬೇಕು, ಅಷ್ಟರಲ್ಲಿ ಇವರಿಬ್ಬರ ಮಧ್ಯೆ ಒಂದು ಕೆಟಲ್ ಬಂತು.

"ಟೀ ಬೇಕಾ ಅಣ್ಣಾ?"

"ಹೂಂ!" ಅಂದ ಪರಮೇಶಿ.