ಸುಳ್ಳು ಹೇಳಿದ ಹಸಿರು ದೀಪ

ಹೊಳೆದಂಡೆಯ ಆಶ್ರಮದ ಮೇಲೆ ಒಂದು ಸಂಜೆ ಸಿಡಿಲು ಬಡಿಯಿತು. ಎಂಥ ಸಿಡಿಲು ಅಂತೀರಿ! ಹೊಳೆಯ ಮೀನುಗಳೆಲ್ಲ ಗಾಬರಿಯಿಂದ ಕಣ್ಣು ಮುಚ್ಚಿಕೊಂಡವು. ಮೀನಿಗೆ ರೆಪ್ಪೆಯೇ ಇಲ್ಲವಲ್ಲ ಎನ್ನುವವರು ಅವತ್ತು ಅಲ್ಲಿರಲಿಲ್ಲ.

ಮಳೆ ನಿಂತ ಮೇಲೆ ನೋಡಿದರೆ, ಆಶ್ರಮದ ಎಲೆಕ್ಟ್ರಿಕ್ ಕಾರಿಗೆ ಚಾರ್ಜು ಕೊಡುವ ಗೋಡೆಯ ಪೆಟ್ಟಿಗೆ ಸೀದ ಹಪ್ಪಳವಾಗಿತ್ತು. ತಾನು ಸತ್ತು ಕಾರನ್ನು ಉಳಿಸಿತ್ತು, ಪುಣ್ಯಾತ್ಮ ಪೆಟ್ಟಿಗೆ.

ಶಿಷ್ಯ ಕೊಟ್ರೇಶ ತೊಡೆ ತಟ್ಟಿದ. ಆ ಸೀಮೆಯ ವಾಡಿಕೆಯಂತೆ ಗುರುಗಳನ್ನು ಅವನು "ಬುದ್ಧೀ" ಎಂದು ಕರೆಯುತ್ತಿದ್ದ. ಬುದ್ಧಿ ಅವನ ಬಾಯಲ್ಲಿ ದಿನಕ್ಕೆ ನೂರು ಸಲ ಬರುತ್ತಿತ್ತು. ತಲೆಯಲ್ಲೂ ಅಷ್ಟೇ ಇದೆ ಎಂಬುದು ಅವನ ನಂಬಿಕೆ.

"ಚಿಂತೆ ಬಿಡ್ರಿ ಬುದ್ಧೀ. ಆ ಸಿಡಿಲಿಗೆ ಈ ಕೊಟ್ರೇಶ ಯಾರು ಅಂತ ಗೊತ್ತಿಲ್ಲ."

"ನಾಳಿದ್ದು ಹಾಲಮ್ಮನ ಡಯಾಲಿಸಿಸ್" ಎಂದರು ಗುರುಗಳು. ಅಷ್ಟೇ.

ಹಾಲಮ್ಮ ಆಶ್ರಮದ ಅಡುಗೆಯಾಕೆ. ಮೊದಲ ಬಸ್ಸು ಬರುವ ಹೊತ್ತಿಗೆ ಆಸ್ಪತ್ರೆಯಲ್ಲಿ ಆಕೆಯ ಸರದಿ ಮುಗಿದಿರುತ್ತದೆ. ಕಾರೇ ಗತಿ. ಹಿಂದೊಮ್ಮೆ ಸರದಿ ತಪ್ಪಿದಾಗ ಮೈಯೆಲ್ಲ ಊದಿ, ಉಸಿರಿಗೆ ಒದ್ದಾಡಿ, ಬದುಕಿದ್ದೇ ಹೆಚ್ಚು.

ಮರುದಿನ ಕೊಟ್ರೇಶ ಪೇಟೆಯಿಂದ ಹೊಸ ಪೆಟ್ಟಿಗೆ ತಂದು ಕೂರಿಸಿದ. ಕಾರಿಗೆ ಸಿಕ್ಕಿಸಿದ. ಕೆಂಪು ದೀಪ. ಕೆಳಗೆ ಒಂದೇ ದೂರು: ಅರ್ತ್ ಇಲ್ಲ.

ದಾರಿ ತಪ್ಪಿದ ಕರೆಂಟು ಮನುಷ್ಯರ ಮೈಗೆ ಹತ್ತದೆ ಮಣ್ಣಿಗೆ ಇಳಿದುಹೋಗಲಿ ಎಂದು ಹಾಕುವ ತಂತಿ ಅದು. ಅದಿಲ್ಲದೆ ಚಾರ್ಜು ಕೊಡುವುದಿಲ್ಲ ಎಂದು ಪೆಟ್ಟಿಗೆ ಹಟ ಹಿಡಿಯಿತು. ಹಳೆಯ ಪೆಟ್ಟಿಗೆ ಇದನ್ನೆಲ್ಲ ಕೇಳುತ್ತಲೇ ಇರಲಿಲ್ಲ.

ಕೊಟ್ರೇಶ ಮೇನ್ ಆಫ್ ಮಾಡಿ, ಗೇಣುದ್ದದ ತಂತಿಯೊಂದನ್ನು, ಕರೆಂಟು ವಾಪಸು ಹೋಗುವ ನ್ಯೂಟ್ರಲ್‌ನಿಂದ ಅರ್ತ್‌ಗೆ ಸಿಕ್ಕಿಸಿದ. ಮತ್ತೆ ಆನ್ ಮಾಡಿದ. ಪೆಟ್ಟಿಗೆ ನಂಬಿತು. ಹಸಿರು ದೀಪ.

"ಬುದ್ಧೀ! ಬರ್ರಿ, ನೋಡ್ರಿ!"

ಗುರುಗಳು ಬಂದರು. "ಅರ್ತ್ ಸಿಕ್ಕಿತೇ?"

"ಸಿಕ್ಕಿಲ್ಲ ಬುದ್ಧೀ. ಸಿಕ್ಕಿದೆ ಅಂತ ಪೆಟ್ಟಿಗೆಗೆ ಹೇಳಿದೀನಿ."

"ಅದು ನಂಬಿತೇ?"

"ಪಾಪ, ಹೊಸದು."

ಗುರುಗಳು ತಲೆದೂಗಿದರು. "ಹೋಗಿ ಹೊಳೆಯಲ್ಲಿ ಮುಳುಗಿ ಬಾ."

"ಮಡಿಗಾ ಬುದ್ಧೀ?"

"ಒದ್ದೆ ಮೈಯಲ್ಲಿ, ಬರಿಗಾಲಲ್ಲಿ ಬಂದು ಆ ಕಾರು ಮುಟ್ಟು."

ಕೊಟ್ರೇಶ ಮುಳುಗಿ ಬಂದ. ಕೈ ಚಾಚಿದ. ಕಾರು ಇನ್ನು ನಾಲ್ಕು ಬೆರಳು ದೂರವಿರುವಾಗ ಕೈ ನಿಂತಿತು. ಎಲ್ಲಾದರೂ ಆ ನ್ಯೂಟ್ರಲ್ ತಂತಿ ಕಡಿದರೆ ವಾಪಸು ಹೋಗಲಾರದ ಕರೆಂಟು ಗೇಣು ತಂತಿ ಹಿಡಿದು ನೇರ ಕಾರಿನ ಮೈಗೆ ಬರುತ್ತದೆ. ಅವನಿಗೆ ಗೊತ್ತಿತ್ತು.

"ಏನಾಯ್ತು?"

"ಚಳಿ ಬುದ್ಧೀ."

"ಕೈಗೆ ಮಾತ್ರವೇ?"

ಕೊಟ್ರೇಶ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ. ಗುರುಗಳು ಹೇಳಿದರು:

"ನಾಳೆ ಬೆಳಗ್ಗೆ ಕಾರು ಇನ್ನೂ ಚಾರ್ಜಿಗಿರುತ್ತೆ. ಹಾಲಮ್ಮ ಮಿಂದು, ತಲೆಯಿಂದ ನೀರು ತೊಟ್ಟಿಕ್ಕುತ್ತ ಬರಿಗಾಲಲ್ಲಿ ಬರ್ತಾಳೆ. ಹತ್ತೋ ಮೊದಲು ಕಾರು ಮುಟ್ಟಿ ಕಣ್ಣಿಗೆ ಒತ್ತಿಕೊಳ್ತಾಳೆ. ವಾಹನ ಅಂದರೆ ದೇವರು ಅವಳಿಗೆ."

ಕೊಟ್ರೇಶ ಮೇನ್ ಆಫ್ ಮಾಡಿ ಗೇಣು ತಂತಿಯನ್ನು ಕಿತ್ತುಹಾಕಿದ.

"ಅರ್ತಿಂಗ್ ಗುಂಡಿ ಎಲ್ಲಿದೆ?" ಎಂದರು ಗುರುಗಳು.

"ಇಲ್ಲೇ ಇತ್ತು ಬುದ್ಧೀ."

"ಇಲ್ಲೇ ಅಂದರೆ?"

"ನೀವು ದಿನಾ ಕೂರೋ ಕಟ್ಟೆ ಕೆಳಗೆ."

ಗುರುಗಳು ನೆಲದ ಮೇಲೆ ಕೂರುವುದನ್ನು ನೋಡಲಾರದೆ ಹೋದ ವರ್ಷ ಅವನೇ ಕಟ್ಟಿದ ಕಟ್ಟೆ. ಕಟ್ಟಿದ ಕಥೆಯನ್ನು ಅವನ ಬಾಯಲ್ಲಿ ಕೇಳಿದರೆ ಬೇಲೂರಿನ ಶಿಲ್ಪಿಗಳೂ ಉಳಿ ಕೆಳಗಿಡಬೇಕು. ಅಡ್ಡ ಸಿಕ್ಕ ಗುಂಡಿಯ ಬಾಯಿಗೆ ಅವನು ಸಿಮೆಂಟು ಸುರಿದಿದ್ದ. ಕರೆಂಟು ಮಣ್ಣಿಗೆ ಇಳಿಯಲು ಆಗಾಗ ನೀರು ಕುಡಿಯಬೇಕಾದ ಗುಂಡಿ ಅಂದಿನಿಂದ ಉಪವಾಸ.

"ಹಾರೆ ತಾ."

"ಗುರುಗಳ ಗದ್ದುಗೆ ಒಡೆಯೋದಾ? ನರಕಕ್ಕೆ ಹೋಗ್ತೀನಿ ಬುದ್ಧೀ!"

"ಹಾಲಮ್ಮನ್ನ ಆಸ್ಪತ್ರೆಗೆ ಬಿಟ್ಟು ಆಮೇಲೆ ಹೋಗು."

ಮೊದಲ ಏಟು ಗುರುಗಳೇ ಹಾಕಿದರು. ಎರಡನೆಯದಕ್ಕೆ ಕೊಟ್ರೇಶ ಹಾರೆ ಕಸಿದುಕೊಂಡ. ಒಡೆಯುತ್ತ ಅತ್ತ. ಅಳುತ್ತಲೇ, ಕಟ್ಟೆ ಎಷ್ಟು ಗಟ್ಟಿ ನೋಡ್ರಿ ಬುದ್ಧೀ ಎಂದೂ ಅಂದ.

ಒಳಗೆ ತೇವ ಹಿಡಿದಿಡಲು ತುಂಬಿದ್ದ ಇದ್ದಿಲು, ಉಪ್ಪು ಎಲ್ಲ ಒಣಗಿ ಬೂದಿಯಂತಾಗಿತ್ತು. ತಂತಿ ತುಕ್ಕು ತಿಂದು ತುಂಡಾಗಿತ್ತು. ಇಳಿಯಲು ಬಂದ ಸಿಡಿಲು ದಾರಿ ಕಾಣದೆ ಪೆಟ್ಟಿಗೆಗೆ ನುಗ್ಗಿತ್ತು.

ಹೊಸ ತಂತಿ ಬಿಗಿದ. ಹೊಸ ಇದ್ದಿಲು, ಉಪ್ಪು ತುಂಬಿದ. ಕೊಡದ ಮೇಲೆ ಕೊಡ ನೀರು ಹೊತ್ತ. ಅವನು ಹೊತ್ತ ಹೊಡೆತಕ್ಕೆ ಹೊಳೆ ಒಂದು ಮೊಳ ಇಳಿಯಿತು. ಕೆಳಗಿನ ಊರಿನವರು ಜಗಳಕ್ಕೆ ಬರುವುದೊಂದು ಬಾಕಿ.

ಮೀಟರು ಹಿಡಿದು ನೋಡಿದ. ಪೆಟ್ಟಿಗೆ ಆನ್ ಮಾಡಿದ. ಹಸಿರು ದೀಪ.

ಈ ಸಲ ಅವನು ಯಾರನ್ನೂ ಕೂಗಲಿಲ್ಲ. ಹೊಳೆಗೆ ಹೋಗಿ ಮುಳುಗಿ ಬಂದ. ಅಂಗೈ ಪೂರ್ತಿ ಕಾರಿನ ಮೇಲೆ ಊರಿದ.

ಬೆಳಗ್ಗೆ ಹಾಲಮ್ಮ ಬಂದಳು. ಬರಿಗಾಲು, ಒದ್ದೆ ಕೂದಲು. ಕಾರು ಮುಟ್ಟಿದಳು, ಕಣ್ಣಿಗೆ ಒತ್ತಿಕೊಂಡಳು. ಕೊಟ್ರೇಶ ಆ ಕೈಯನ್ನೇ ನೋಡುತ್ತಿದ್ದ.

"ಏನೋ ಕೊಟ್ರ, ನನ್ನ ಕೈಗೆ ಬಂಗಾರದ ಬಳೆ ಬಂದಂಗೆ ನೋಡ್ತೀಯ? ನಡಿ, ಹೊತ್ತಾಯ್ತು."

ಅವನು ಚಾರ್ಜಿನ ವೈರು ಕಳಚಿ ಸುತ್ತಿಟ್ಟ. ಗುರುಗಳು ಗುಂಡಿಯ ಪಕ್ಕ ಹಸಿ ಮಣ್ಣಿನ ಮೇಲೆ ಕೂತಿದ್ದರು. ಅದನ್ನು ಕಂಡು ಅವನ ಜೀವ ಚುರ್ ಎಂದಿತು.

"ಬುದ್ಧೀ, ಬಂದ ಕೂಡಲೇ ಬೇರೆ ಕಡೆ ಕಟ್ಟೆ ಕಟ್ಟಿಕೊಡ್ತೀನಿ. ಅದಕ್ಕಿಂತ ಎತ್ತರದ್ದು."

ಗುರುಗಳು ಗುಂಡಿಗೆ ಒಂದು ಚೊಂಬು ನೀರು ಹೊಯ್ದರು.

"ಮುಗಿಲಲ್ಲಿದ್ದ ಸಿಡಿಲೇ ನೆಲ ಹುಡುಕಿಕೊಂಡು ಬಂತು. ನೀನು ನನ್ನ ಎಲ್ಲಿಗೆ ಹತ್ತಿಸ್ತೀಯೋ?"